ಅಡಿಕೆ ಕಿಂಡಿ, ಹಲಸಿನ ಹಣ್ಣು

— ಸೂಜಿ ಹಾಕೋ ಮೊದಲು ಒಂದು ಮಾತು ಕೇಳಬೇಕಿತ್ತು ಮಾರಾಯ.

— ಕೇಳಿ ಸರ್. ಕೈ ಮಾತ್ರ ಅಲ್ಲಾಡಿಸಬೇಡಿ. ರಕ್ತನಾಳ ಜೋಡಿಸಿದ ಫಿಸ್ಟುಲಾ ಇವತ್ತು ಚೆನ್ನಾಗಿ ಗುಂಯ್‌ಗುಡ್ತಿದೆ.

— ಅಮೆರಿಕದಲ್ಲಿರೋ ನಮ್ಮಣ್ಣನ ಮಗ ರಾತ್ರಿ ವಾಟ್ಸಾಪಿಗೆ ಏನೇನೋ ಕಳಿಸಿದಾನೆ. ಹೆಪಟೈಟಿಸ್ ಸಿ ಬಂದವರಿಗೆ ಡಯಾಲಿಸಿಸ್‌ನ ಮಾಮೂಲಿ ಫಿಲ್ಟರ್ ಸಾಲದಂತೆ, ಪೊರೆ ಬೇರೆ ಥರದ್ದು ಇರಬೇಕಂತೆ, ವೈರಸ್ಸನ್ನೇ ಹಿಡಿದು ಹಾಕೋ ಪೊರೆ ಉಂಟಂತೆ, ವಿಚಾರಿಸಿ ಚಿಕ್ಕಪ್ಪ ಅಂತ. ಡಾಕ್ಟರು ಬರೋದು ವಾರಕ್ಕೊಂದು ಸಲ. ನೀನಾದರೆ ದಿನಾ ಇರ್ತೀಯ, ಜೊತೆಗೆ ಒಂಬತ್ತನೇ ಕ್ಲಾಸಲ್ಲಿ ನನ್ನ ಹತ್ತಿರವೇ ವಿಜ್ಞಾನ ಕಲಿತವನು. ಹೇಳು.

— ಹೇಳ್ತೀನಿ. ಅದಕ್ಕೆ ಮುಂಚೆ ಈ ಬಲಗೈ ಚಾಚಿ. ತಗೊಳ್ಳಿ.

— ಏನೋ ಇದು?

— ಅವಧಿ ಮುಗಿದ ಫಿಲ್ಟರ್. ಯಾರಿಗೂ ಬಳಸಿದ್ದಲ್ಲ, ಹೆದರಬೇಡಿ. ಹೊಸದಾಗಿ ಸೇರೋ ಹುಡುಗರಿಗೆ ತೋರಿಸೋಣ ಅಂತ ಹ್ಯಾಕ್ಸಾ ಬ್ಲೇಡಲ್ಲಿ ಅಡ್ಡ ಕೊಯ್ದಿಟ್ಟಿದೀನಿ.

— ಅರೆ, ಶ್ಯಾವಿಗೆ ಕಟ್ಟು ಇದ್ದಂಗಿದೆ!

— ಶ್ಯಾವಿಗೇನೇ, ಆದರೆ ಒಳಗೆ ಟೊಳ್ಳು. ಒಂದು ಎಳೆ ಕಿತ್ತು ಕಿಟಕಿ ಬೆಳಕಿಗೆ ಹಿಡೀರಿ. ಒಳಗಿನ ಕೊಳವೆ ಸುಮಾರು 200 ಮೈಕ್ರಾನ್, ಮಿಲಿಮೀಟರಿನ ಐದರಲ್ಲೊಂದು ಪಾಲು. ಸುತ್ತಲಿನ ಗೋಡೆ 30ರಿಂದ 40 ಮೈಕ್ರಾನ್ ದಪ್ಪ. ಒಂದು ಫಿಲ್ಟರಲ್ಲಿ ಇಂಥವು ಹತ್ತು ಸಾವಿರದ ಹತ್ತಿರ ಇರ್ತವೆ. ಎಲ್ಲವನ್ನೂ ಸೀಳಿ ಹಾಸಿದರೆ ಒಂದೂವರೆ ಚದರ ಮೀಟರು, ಒಬ್ಬರು ಮಲಗೋ ಚಾಪೆಯಷ್ಟು. ಕೊಳವೆ ಒಳಗೆ ನಿಮ್ಮ ರಕ್ತ ಹೋಗ್ತಿರುತ್ತೆ, ಹೊರಗಡೆ ನೀರು ಎದುರು ದಿಕ್ಕಿಗೆ ಬರ್ತಿರುತ್ತೆ. ನೀವು ಪೊರೆ ಪೊರೆ ಅಂತೀರಲ್ಲ, ಅದು ಈ ಗೋಡೆ. ಮಾಡೋ ಕ್ರಮವೂ ಶ್ಯಾವಿಗೆ ಒರಳಿನದೇ. ಪಾಲಿಮರ್ ಪಾಕವನ್ನು ತೂತಿನಿಂದ ಒತ್ತಿ ನೀರಿಗೆ ಇಳಿಸ್ತಾರೆ, ಎಳೆ ಅಲ್ಲೇ ಗಟ್ಟಿಯಾಗುತ್ತೆ.

— ಅರೆಪಾರಕ ಪೊರೆ. ಮೊಟ್ಟೆ ಪ್ರಯೋಗ ನೆನಪಿದೆಯೇನೋ?

— ಮರೆಯೋದುಂಟಾ! ವಿನಿಗರ್‌ನಲ್ಲಿ ಚಿಪ್ಪು ಕರಗಿಸಿ, ಒಂದು ಮೊಟ್ಟೆ ಉಪ್ಪುನೀರಿಗೆ, ಇನ್ನೊಂದು ಬರೀ ನೀರಿಗೆ. ಶಾಲೆಗೆ ಮೊಟ್ಟೆ ತಂದಿರಿ ಅಂತ ಹೆಡ್‌ಮಾಸ್ಟರು ಒಂದು ವಾರ ನಿಮ್ಮ ಹತ್ತಿರ ಮಾತು ಬಿಟ್ಟಿದ್ರು.

— ಬಿಟ್ಟಿದ್ದೇ ಒಳ್ಳೇದಾಗಿತ್ತು. ಇರಲಿ, ತೂತಿನ ಗಾತ್ರ ಹೇಳು. ಅಲ್ಲೇ ಉತ್ತರ ಇರೋದು ಅನ್ನಿಸ್ತಿದೆ ನಂಗೆ.

— ಅಲ್ಲೇ ಇರೋದು. ಈ ಗೋಡೆಯ ತೂತುಗಳು ಪೊರೆಯ ಜಾತಿ ನೋಡ್ಕೊಂಡು ಎರಡು ನ್ಯಾನೋಮೀಟರಿಂದ ಏಳರವರೆಗೆ ಇರ್ತವೆ. ಲೆಕ್ಕಕ್ಕೆ ಐದು ಅಂತ ಇಟ್ಕೊಳ್ಳಿ. ಯೂರಿಯಾ ಅಣು ಒಂದು ನ್ಯಾನೋಮೀಟರಿಗೂ ಚಿಕ್ಕದು, ಸಲೀಸಾಗಿ ದಾಟುತ್ತೆ. ಹೆಪಟೈಟಿಸ್ ಬಿ ವೈರಸ್ಸಿನ ಪೂರ್ತಿ ಕಣ 42 ನ್ಯಾನೋಮೀಟರ್. ನಿಮ್ಮ ಸಿ ವೈರಸ್ಸು 50, 60ರ ಆಸುಪಾಸು. ಎಚ್‌ಐವಿ 100 ದಾಟುತ್ತೆ.

— ತಡಿ, ಅಡಿಕೆಗೆ ಹೋಲಿಸ್ತೀನಿ. ಐದು ನ್ಯಾನೋಮೀಟರಿನ ತೂತು ಅಂದರೆ ಒಂದು ಗೋಟಡಿಕೆ ದಾಟುವಷ್ಟು ಕಿಂಡಿ, ಮೂರು ಸೆಂಟಿಮೀಟರು ಅನ್ನು. ಹಾಗಾದರೆ ಹೆಪಟೈಟಿಸ್ ಬಿ... ಇಪ್ಪತ್ತೈದು ಸೆಂಟಿಮೀಟರು. ಸಿಪ್ಪೆ ಸಮೇತ ದೊಡ್ಡ ತೆಂಗಿನಕಾಯಿ. ನನ್ನದು ಮೂವತ್ತು, ಮೂವತ್ತೈದು. ಎಳೆ ಹಲಸಿನಕಾಯಿ. ಎಚ್‌ಐವಿ ಅಂದರೆ ಬಲಿತ ಹಲಸು, ಎರಡು ಕೈಲಿ ಎತ್ತೋಹಂಥದ್ದು.

— ಅಡಿಕೆ ಕಿಂಡೀಲಿ ಹಲಸಿನ ಹಣ್ಣು ತೂರೋಕೆ ಆಗುತ್ತಾ ಸರ್? ನಿಮ್ಮ ಅಣ್ಣನ ಮಗನಿಗೆ ಇಷ್ಟು ಬರೆದು ಕಳಿಸಿ. ಪೊರೆ ಹರಿಯದೆ ಇದ್ದರೆ ನಿಮ್ಮ ರಕ್ತದ ವೈರಸ್ಸು ಆ ಕಡೆ ನೀರಿಗೆ ಹೋಗೋದಿಲ್ಲ. ಅದೇ ಕಾರಣಕ್ಕೆ ವೈರಸ್ಸನ್ನು ಸೋಸಿ ತೆಗೆಯೋ ಕೆಲಸಾನೂ ಈ ಫಿಲ್ಟರಿಂದ ಆಗೋದಿಲ್ಲ. ಸಣ್ಣ ಕಿಂಡಿಯ ಲೋ ಫ್ಲಕ್ಸ್ ಇರಲಿ, ದೊಡ್ಡ ಕಿಂಡಿಯ ಹೈ ಫ್ಲಕ್ಸ್ ಇರಲಿ.

— ಅವನು ಕಳಿಸಿದ್ದರಲ್ಲಿ ಡಯಾಲಿಸಿಸ್ ಆದಮೇಲೆ ರಕ್ತದಲ್ಲಿ ವೈರಸ್ಸಿನ ಲೆಕ್ಕ ಇಳಿದಿತ್ತು ಅಂತ ಇದೆಯಲ್ಲ?

— ಇಳಿದದ್ದು ಕಂಡವರಿದ್ದಾರೆ, ಸುಳ್ಳಲ್ಲ. ಸ್ವಲ್ಪ ವೈರಸ್ಸು ಪೊರೆಯ ಒಳಮೈಗೆ ಅಂಟಿಕೊಳ್ಳುತ್ತೆ, ದೋಸೆ ಕಾವಲಿಗೆ ಹಿಟ್ಟು ಹಿಡಿದ ಹಾಗೆ. ಡಯಾಲಿಸಿಸ್ ನಡೆಯುವಾಗ ವೈರಸ್ಸನ್ನು ತಡೆಯೋ ಇಂಟರ್‌ಫೆರಾನ್ ಥರದ ವಸ್ತುಗಳು ಮೈಯೊಳಗೆ ಏರ್ತವೆ ಅಂತಲೂ ಹೇಳ್ತಾರೆ. ಆದರೆ ನಾಡಿದ್ದು ಬರೋಹೊತ್ತಿಗೆ ಲಿವರು ಅಷ್ಟನ್ನೂ ಮತ್ತೆ ತುಂಬಿಸಿರುತ್ತೆ. ಇನ್ನೊಂದು ವಿಷಯ ನಾವು ಕೆಲಸ ಮಾಡೋರು ಮಾತ್ರ ನೋಡೋದು. ರಕ್ತ ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಕೊಡ್ತೀವಲ್ಲ, ಆ ಹೆಪಾರಿನ್ನು ವೈರಸ್ಸು ಎಣಿಸೋ ಪಿಸಿಆರ್ ಪರೀಕ್ಷೆಯನ್ನೇ ಕೆಡಿಸುತ್ತೆ. ಹೆಪಾರಿನ್ ಬೆರೆತ ರಕ್ತ ಕಳಿಸಿದರೆ ವೈರಸ್ಸು ಇದ್ದೂ ಕಮ್ಮಿ ಅಂತ ಬರಬಹುದು. ಅದಕ್ಕೇ ನಿಮ್ಮ ಸ್ಯಾಂಪಲ್ಲು ನಾನು ಸೂಜಿ ಹಾಕಿದ ಕೂಡಲೆ ತೆಗೆದದ್ದು, ಹೆಪಾರಿನ್ ಕೊಡೋ ಮುಂಚೆ.

— ಹಾಗಾದರೆ ವೈರಸ್ ಸೋಸೋ ಪೊರೆ ಲೋಕದಲ್ಲೇ ಇಲ್ಲ?

— ಇದೆ, ಬೇರೆ ಕಡೆ ಇದೆ. ಜಪಾನಿನಲ್ಲಿ ಅಸಾಹಿ ಕಸೈ ಕಂಪನಿಯವರು 1989ರಿಂದ ವೈರಸ್ ಹಿಡಿಯೋಕೆ ಅಂತಲೇ ಒಂದು ಫಿಲ್ಟರ್ ಮಾಡ್ತಾರೆ, ಪ್ಲನೋವಾ ಅಂತ. ಹಿಮೋಫಿಲಿಯಾದವರಿಗೆ ಕೊಡೋ ರಕ್ತದ ಅಂಶಗಳು, ಇಮ್ಯುನೋಗ್ಲಾಬ್ಯುಲಿನ್, ಇವನ್ನು ಕಾರ್ಖಾನೇಲಿ ಅದರ ಮೂಲಕ ಹಾಯಿಸ್ತಾರೆ. ತಮಾಷೆ ಏನು ಗೊತ್ತಾ? ಅದರ ಎಳೆ ತಾಮ್ರ ಮತ್ತು ಅಮೋನಿಯಾದಲ್ಲಿ ಹತ್ತಿ ನಾರನ್ನು ಕರಗಿಸಿ ಮಾಡಿದ್ದು. ಹಳೇ ಕಾಲದ ಡಯಾಲಿಸಿಸ್ ಪೊರೆ ಕ್ಯೂಪ್ರೋಫ್ಯಾನ್ ಕೂಡ ಅದೇ ವಂಶ. ನಾರು ಒಂದೇ, ಕಿಂಡಿ ಬೇರೆ.

— ಕಾರ್ಖಾನೆ ಬಿಡು. ಮನುಷ್ಯರಿಗೆ?

— ಅದನ್ನೂ ಜಪಾನಿನವರೇ ಮಾಡಿದರು. ಮೊದಲು ಒಂದು ಫಿಲ್ಟರಲ್ಲಿ ರಕ್ತಕಣ ಬೇರೆ, ಪ್ಲಾಸ್ಮಾ ಬೇರೆ ಮಾಡೋದು. ಆಮೇಲೆ ಪ್ಲಾಸ್ಮಾವನ್ನು 30 ನ್ಯಾನೋಮೀಟರಿನ ಕಿಂಡಿ ಇರೋ ಎರಡನೇ ಫಿಲ್ಟರಿಗೆ ಬಿಡೋದು. ಪ್ರೋಟೀನು ದಾಟಿ ಮೈಗೆ ವಾಪಸ್ಸು, ಸಿ ವೈರಸ್ಸು ಅಲ್ಲೇ ಬಾಕಿ. 2008ರಲ್ಲಿ ಅಲ್ಲಿನ ಸರ್ಕಾರ ಇಂಟರ್‌ಫೆರಾನ್ ಜೊತೆ ಇದನ್ನು ಮಾಡಬಹುದು ಅಂತ ಒಪ್ಪಿಗೆ ಕೊಟ್ಟಿತ್ತು. ಡಯಾಲಿಸಿಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಮತ್ತೆ ಐದಾರು ವರ್ಷದಲ್ಲಿ ಮಾತ್ರೆ ಬಂತು, ಅಷ್ಟು ದುಬಾರಿ ಸಾಹಸ ಯಾರಿಗೆ ಬೇಕು?

— ಮಾತ್ರೆ ವಿಷಯ ಆಮೇಲೆ. ಪೊರೆಯನ್ನೇ ಇನ್ನೂ ನಾನು ಬಿಟ್ಟಿಲ್ಲ. ಎಲ್ಲಾ ಪೊರೆಯೂ ವೈರಸ್ಸಿನ ಮಟ್ಟಿಗೆ ಒಂದೇ ಆದರೆ ಇಷ್ಟೊಂದು ಜಾತಿ ಯಾಕೆ? ಮೊನ್ನೆ ನಿನ್ನ ಬೀರುವಿನಲ್ಲೇ ಮೂರು ಬಗೆಯ ಡಬ್ಬ ನೋಡಿದೆ.

— ವೈರಸ್ಸಿನ ಮಟ್ಟಿಗೆ ಒಂದೇ, ನಿಮ್ಮ ಮಟ್ಟಿಗೆ ಅಲ್ಲ. ಇದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1943ರಲ್ಲಿ ಹಾಲೆಂಡಿನ ಕಾಂಪೆನ್ ಅನ್ನೋ ಊರಲ್ಲಿ ವಿಲೆಮ್ ಕೋಲ್ಫ್ ಅಂತ ಡಾಕ್ಟರು, ಊರು ಜರ್ಮನರ ಕೈಯಲ್ಲಿದ್ದಾಗ, ಸಾಸೇಜ್ ಮಾಂಸ ತುಂಬೋ ಸೆಲೋಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಸೆಲೋಫೇನ್ ಅಂದರೆ ಸೆಲ್ಯುಲೋಸ್. ಮೊದಮೊದಲು ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದರು.

— ನನ್ನ ವಯಸ್ಸೇ.

— ನಿಮಗಿಂತ ಒಂದು ವರ್ಷ ಚಿಕ್ಕವರು ಸರ್, ನಿಮ್ಮ ಫೈಲ್ ನನ್ನ ಹತ್ತಿರವೇ ಇದೆ. ಆಮೇಲೆ ಮೂವತ್ತು ನಲವತ್ತು ವರ್ಷ ಸೆಲ್ಯುಲೋಸಿನದೇ ರಾಜ್ಯ. ಆದರೆ ಒಂದು ತೊಂದರೆ. ರಕ್ತ ಆ ಪೊರೆಗೆ ತಾಗಿದ ಹತ್ತು ಹದಿನೈದು ನಿಮಿಷದಲ್ಲಿ ಬಿಳಿ ರಕ್ತಕಣಗಳ ಎಣಿಕೆ ದಿಢೀರಂತ ಬೀಳ್ತಿತ್ತು. ಪೊರೆಯನ್ನು ಮೈ ಶತ್ರು ಅಂತ ತಿಳೀತಿತ್ತು. ಕಾಂಪ್ಲಿಮೆಂಟ್ ಅಂತ ರಕ್ತದಲ್ಲೊಂದು ಕಾವಲು ಪ್ರೋಟೀನುಗಳ ಗುಂಪಿದೆ, ಅದು ಎದ್ದು ಗಲಾಟೆ ಮಾಡೋದು. ವಾರಕ್ಕೆ ಮೂರು ಸಲ ಹೀಗೆ ಸುಳ್ಳು ಗಂಟೆ ಬಾರಿಸಿದರೆ ಕಾವಲುಗಾರನ ಗತಿ ಏನು?

— ನಿಜವಾದ ಕಳ್ಳ ಬಂದಾಗ ಏಳೋದಿಲ್ಲ.

— ಕಿಡ್ನಿ ಕೆಟ್ಟವರಲ್ಲಿ ಮೊದಲೇ ರೋಗನಿರೋಧಕ ಶಕ್ತಿ ಕುಗ್ಗಿರುತ್ತೆ. ಜೊತೆಗೆ ಲಿವರಲ್ಲಿ ವೈರಸ್ಸು ಕೂತಿದ್ದರೆ ಅಂಥವರಿಗೆ ಈ ಗಲಾಟೆ ಬೇಡವೇ ಬೇಡ. ಹಾಗಾಗಿ ನೋಡಬೇಕಾದ ಮೊದಲನೇ ವಿಷಯ ರಕ್ತದ ಜೊತೆ ಜಗಳ ಆಡದ ಪೊರೆ. ಪಾಲಿಸಲ್ಫೋನ್, ಪಾಲಿಈಥರ್‌ಸಲ್ಫೋನ್. ನಿಮ್ಮ ಕೈಲಿರೋದು, ಈಗ ಮಷಿನ್ನಿಗೆ ಹಾಕಿರೋದು, ಎರಡೂ ಅದೇ. ಇವತ್ತು ಸಣ್ಣ ಊರಲ್ಲೂ ಅದೇ ಬರುತ್ತೆ. ಕೆಲವೇ ಜನಕ್ಕೆ ಪಾಲಿಸಲ್ಫೋನೂ ಒಗ್ಗೋದಿಲ್ಲ, ಮೈ ತುರಿಕೆ, ಉಬ್ಬಸ. ಅವರಿಗೆ ಸುಧಾರಿಸಿದ ಸೆಲ್ಯುಲೋಸು, ಟ್ರೈಅಸಿಟೇಟ್ ಕೊಡ್ತಾರೆ. ಬೀರುವಿನಲ್ಲಿ ಮೂಲೇಲಿರೋ ಡಬ್ಬ ಅದಕ್ಕೇ.

— ನಮ್ಮಣ್ಣನ ಮಗ ಬರೆದ ಹೆಸರು ಇದ್ಯಾವುದೂ ಅಲ್ಲ. ಕನ್ನಡಕ ಕೊಡು... ಪಿಎಂಎಂಎ.

— ಓ ಅದಾ. ಅದು ಆಕ್ರಿಲಿಕ್ ಸರ್, ಅಂಗಡಿ ಬೋರ್ಡಿಗೆ ಬಳಸೋ ಹಾಳೆಯ ಜಾತಿ. ಜಪಾನಿನದೇ ಪೊರೆ. ಅದಕ್ಕೆ ಸೋಸೋದಕ್ಕಿಂತ ಅಂಟಿಸಿಕೊಳ್ಳೋ ಗುಣ ಹೆಚ್ಚು. ಸಿಡಿ40 ಅಂತ ಒಂದು ಪ್ರೋಟೀನಿನ ತುಣುಕು ಡಯಾಲಿಸಿಸ್‌ನವರ ರಕ್ತದಲ್ಲಿ ಸೇರಿಕೊಂಡು ಲಸಿಕೆ ಮೈಗೆ ಹತ್ತದ ಹಾಗೆ ಮಾಡುತ್ತಂತೆ. ಈ ಪೊರೆ ಅದನ್ನು ಹಿಡಿಯುತ್ತೆ, ಹೆಪಟೈಟಿಸ್ ಬಿ ಲಸಿಕೆ ಹತ್ತದೇ ಇದ್ದ ಕೆಲವರಿಗೆ ಆಮೇಲೆ ಹತ್ತಿತು ಅಂತ ಸಣ್ಣ ಅಧ್ಯಯನಗಳು ಬಂದಿವೆ. ಬಹಳ ಸಣ್ಣವು, ಕೈಬೆರಳಲ್ಲಿ ಎಣಿಸೋವಷ್ಟು ರೋಗಿಗಳು. ನಿಮ್ಮ ಅಣ್ಣನ ಮಗ ಲಸಿಕೆಯ ಮಾತನ್ನು ವೈರಸ್ಸಿಗೆ ಹೊಂದಿಸಿಕೊಂಡ ಹಾಗೆ ಕಾಣುತ್ತೆ.

— ಇಂಜಿನಿಯರು. ಅವನಿಗೆ ಎಲ್ಲದಕ್ಕೂ ಒಂದು ಸ್ಪೇರ್ ಪಾರ್ಟ್ ಬೇಕು.

— ಆದರೆ ಲಸಿಕೆ ವಿಷಯ ನೆನಪು ಮಾಡಿದ್ದು ಒಳ್ಳೇದಾಯ್ತು. ಡಯಾಲಿಸಿಸ್‌ನವರಿಗೆ ಬಿ ಲಸಿಕೆ ದುಪ್ಪಟ್ಟು, ಒಂದು ಸಲಕ್ಕೆ 40 ಮೈಕ್ರೋಗ್ರಾಂ. ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಆಮೇಲೆ ಆಂಟಿಬಾಡಿ ನೋಡಬೇಕು, 10ಕ್ಕಿಂತ ಮೇಲಿರಬೇಕು. ನಿಮಗೆ 6 ಬಂದಿತ್ತು, ಅದಕ್ಕೇ ಎರಡನೇ ಸುತ್ತು ಶುರು ಮಾಡಿದ್ದು. ನಾಳಿದ್ದು ಸೋಮವಾರ ಮೂರನೇದು. ತಪ್ಪಿಸಬೇಡಿ.

— ಹೈ ಫ್ಲಕ್ಸ್ ಅಂದೆಯಲ್ಲ, ಅದನ್ನಾದರೂ ಹಾಕಬಹುದಾ? ಅದರ ದುಡ್ಡು ಕೊಡ್ತೀನಿ ಅಂತ ಅವನು ಬರೆದಿದಾನೆ.

— ಕಿಂಡಿ ಸ್ವಲ್ಪ ದೊಡ್ಡದು, ಅಷ್ಟೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಅಂತ ಇದೆ, ಯೂರಿಯಾದ ಇನ್ನೂರು ಪಟ್ಟು ತೂಕದ ಪ್ರೋಟೀನು. ವರ್ಷಾನುಗಟ್ಟಲೆ ಉಳಿದರೆ ಕೀಲು ಹಿಡಿಯುತ್ತೆ. ಅದು ಲೋ ಫ್ಲಕ್ಸಿನಲ್ಲಿ ದಾಟೋದಿಲ್ಲ, ಹೈ ಫ್ಲಕ್ಸಿನಲ್ಲಿ ದಾಟುತ್ತೆ. ಅಮೆರಿಕದಲ್ಲಿ 1,846 ಜನರ ಮೇಲೆ ಮಾಡಿದ ಹೀಮೋ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ಒಟ್ಟಾರೆ ಆಯುಸ್ಸಿನಲ್ಲಿ ವ್ಯತ್ಯಾಸ ತೋರಲಿಲ್ಲ. 2009ರಲ್ಲಿ ಯುರೋಪಿನವರು ಪ್ರಕಟಿಸಿದ್ದರಲ್ಲಿ ರಕ್ತದ ಆಲ್ಬುಮಿನ್ ಅನ್ನೋ ಪ್ರೋಟೀನು ಡೆಸಿಲೀಟರಿಗೆ 4 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಹೈ ಫ್ಲಕ್ಸಿನಿಂದ ಅನುಕೂಲ ಕಂಡಿತು. ಲಿವರು ಸೊರಗಿದವರಿಗೆ ಆಲ್ಬುಮಿನ್ ಇಳಿದಿರುತ್ತೆ, ಹಾಗಾಗಿ ಡಾಕ್ಟರು ಹಾಕು ಅಂದರೆ ನಾನು ಬೇಡ ಅನ್ನೋದಿಲ್ಲ.

— ಆದರೆ?

— ಆದರೆ ನೀರು ಸರ್. ನಾಲ್ಕು ತಾಸಲ್ಲಿ ನಿಮ್ಮ ಫಿಲ್ಟರಿನ ಹೊರಮೈಗೆ 120 ಲೀಟರ್ ನೀರು ತಾಗಿ ಹೋಗುತ್ತೆ. ಹೈ ಫ್ಲಕ್ಸಿನಲ್ಲಿ ಒತ್ತಡ ಏರುಪೇರಾಗಿ ಆ ನೀರು ಸ್ವಲ್ಪ ಹಿಂದಕ್ಕೆ, ರಕ್ತದ ಕಡೆಗೂ ನುಗ್ಗುತ್ತೆ. ನೀರಿನಲ್ಲಿ ಸತ್ತ ಬ್ಯಾಕ್ಟೀರಿಯಾದ ಚೂರುಗಳಿದ್ದರೆ ಅವೂ ಜೊತೆಗೆ. ಚಳಿ ಜ್ವರ. ಮೊದಲು ನೀರು ಶುದ್ಧ ಮಾಡೋ ಆರ್‌ಓ ಪ್ಲಾಂಟು ಸರಿ ಇಟ್ಟುಕೊಂಡು, ಆಮೇಲೆ ದೊಡ್ಡ ಕಿಂಡಿಯ ಆಸೆ ಪಡಬೇಕು. ಈಗೀಗ ಇನ್ನೂ ದೊಡ್ಡ ಕಿಂಡಿಯ ಮೀಡಿಯಂ ಕಟ್ ಆಫ್ ಪೊರೆಗಳು ಬಂದಿವೆ, ಅದರಲ್ಲಿ ಸ್ವಲ್ಪ ಆಲ್ಬುಮಿನ್ನೂ ಸೋರುತ್ತೆ. ಆಲ್ಬುಮಿನ್ ಮೊದಲೇ ಕಮ್ಮಿ ಇರೋರಿಗೆ ಅದನ್ನು ಹಾಕೋದು, ತಳ ಸೋರೋ ಕೊಡಕ್ಕೆ ಇನ್ನೊಂದು ತೂತು ಕೊರೆದ ಹಾಗೆ.

— ಅಲಾರಂ ಹೊಡೀತಿದೆ ನೋಡು.

— ವೀನಸ್ ಪ್ರೆಶರು. ನೀವು ಮಾತಿನ ಭರದಲ್ಲಿ ಕೈ ಮಡಚಿದ್ರಿ. ಹಾಂ, ಸರಿ ಆಯ್ತು.

— ಒಂದು ಕೇಳ್ತೀನಿ, ನೊಂದುಕೋಬೇಡ. ಪೊರೆಯಿಂದ ವೈರಸ್ಸು ದಾಟೋದಿಲ್ಲ ಅಂತ ನೀನೇ ಲೆಕ್ಕ ಮಾಡಿಸಿದೆ. ಮತ್ತೆ ನನ್ನೊಳಗೆ ಹೇಗೆ ಬಂತು? ಎರಡು ವರ್ಷದ ಕೆಳಗೆ ಶುರು ಮಾಡುವಾಗ ನನಗೆ ಎಲ್ಲಾ ನೆಗೆಟಿವ್. ಮಧ್ಯೆ ರಕ್ತ ಹಾಕಿಸಿಕೊಂಡಿಲ್ಲ, ಆಪರೇಷನ್ ಇಲ್ಲ. ಆಗ ಬೇರೆ ಕಡೆ ಹೋಗ್ತಿದ್ದೆ, ಊರಿನ ಹೆಸರು ಎತ್ತೋದು ಬೇಡ.

— ಎತ್ತೋದು ಬೇಡ. ಆದರೆ ದಾರಿ ಹೇಳ್ತೀನಿ. ಕೈಯಿಂದ ಬಂತು ಸರ್. ನನ್ನಂಥವನೊಬ್ಬನ ಕೈಯಿಂದ.

— ಅಷ್ಟು ಖಡಾಖಂಡಿತ?

— ಡಯಾಲಿಸಿಸ್ ಕೇಂದ್ರಗಳಲ್ಲಿ ಸಿ ವೈರಸ್ಸು ಹರಡಿದ ಕಡೆಯೆಲ್ಲ ತನಿಖೆ ಮಾಡಿದಾಗ ಮತ್ತೆ ಮತ್ತೆ ಸಿಕ್ಕಿದ್ದು ಇಂಥವೇ. ಹೆಪಾರಿನ್ ಬಾಟಲಿ ಒಂದು, ರೋಗಿಗಳು ಹಲವರು. ಒಬ್ಬರ ಲೈನಿಗೆ ತಾಗಿದ ಸಿರಿಂಜನ್ನು ಮತ್ತೆ ಬಾಟಲಿಗೆ ಚುಚ್ಚಿದರೆ ಮುಗೀತು. ಒಬ್ಬರ ಫಿಸ್ಟುಲಾ ಒತ್ತಿ ಹಿಡಿದ ಗ್ಲೌಸಲ್ಲೇ ಪಕ್ಕದ ಮಷಿನ್ನಿನ ಅಲಾರಂ ಬಟನ್ ಒತ್ತೋದು. ಔಷಧಿ ಟ್ರೇಯನ್ನು ಹಾಸಿಗೆಯಿಂದ ಹಾಸಿಗೆಗೆ ತಳ್ಳಿಕೊಂಡು ಹೋಗೋದು. ಒಂದು ಪಾಳಿ ಎದ್ದು ಇನ್ನೊಂದು ಪಾಳಿ ಕೂರುವಾಗ ಕುರ್ಚಿ ಒರೆಸೋಕೆ ಪುರುಸೊತ್ತಿಲ್ಲದೆ ಹೊಸಬರನ್ನು ಕೂರಿಸೋದು. ಬರಿಗಣ್ಣಿಗೆ ಕಾಣದಷ್ಟು ರಕ್ತ ಸಾಕು. ಒಣಗಿದ ರಕ್ತದಲ್ಲಿ ಬಿ ವೈರಸ್ಸು ಏಳು ದಿನವಾದರೂ ಜೀವ ಹಿಡಿದಿರುತ್ತೆ. ಸಿ ವೈರಸ್ಸೂ ವಾರಗಟ್ಟಲೆ ಉಳಿಯಬಹುದು ಅಂತ ಪ್ರಯೋಗಾಲಯಗಳಲ್ಲಿ ಕಂಡಿದೆ.

— ನೀನು ಹಾಗೆ ಮಾಡಿದ್ದುಂಟಾ?

— ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೇರೊಂದು ಕಡೆ. ಹತ್ತು ಮಷಿನ್ನಿಗೆ ನಾವಿಬ್ಬರು. ಈ ಪ್ರೆಶರ್ ಲೈನಿನ ತುದೀಲಿ ಬಿಳೀ ಬಿಲ್ಲೆ ಇದೆ ನೋಡಿ, ಒಂದು ರೂಪಾಯಿ ನಾಣ್ಯದಷ್ಟು. ಟ್ರಾನ್ಸ್‌ಡ್ಯೂಸರ್ ಪ್ರೊಟೆಕ್ಟರ್. ಗಾಳಿ ಬಿಡುತ್ತೆ, ರಕ್ತ ಬಿಡೋದಿಲ್ಲ. ಅವತ್ತು ಒಬ್ಬರಿಗೆ ಒತ್ತಡ ಏರಿ ರಕ್ತ ಈ ಬಿಲ್ಲೆಗೆ ಬಂದು ಒದ್ದೆಯಾಯ್ತು. ಬಿಲ್ಲೆ ಬದಲಾಯಿಸಿದೆ. ಅದರ ಹಿಂದೆ ಮಷಿನ್ನಿನೊಳಗೂ ಒಂದು ಬಿಲ್ಲೆ ಇರುತ್ತೆ. ಹೊರಗಿನದು ದಾಟಿ ರಕ್ತ ಒಳಗೆ ಹೋಗಿದೆಯಾ ಅಂತ ಮಷಿನ್ ತೆಗೆಸಿ ನೋಡಬೇಕು, ಮುಂದಿನವರಿಗೆ ಹಾಕೋ ಮುಂಚೆ. ಇಂಜಿನಿಯರು ಬರೋದು ಮರುದಿನ, ಹೊರಗೆ ಬೆಂಚಿನ ಮೇಲೆ ನಾಲ್ಕು ಜನ ಕಾಯ್ತಿದ್ದರು, ಒಬ್ಬರಿಗೆ ಉಸಿರು ಕಟ್ಟುತ್ತಿತ್ತು. ಹಾಕಿದೆ. ಏನೂ ಆಗಲಿಲ್ಲ, ಆರು ತಿಂಗಳಿನ ಪರೀಕ್ಷೆ ಬರೋವರೆಗೂ ದಿನಾ ಎಣಿಸ್ತಿದ್ದೆ.

— ...

— ನಿಮಗೆ ಹೇಳಬಾರದಿತ್ತೇನೋ.

— ಹೇಳಿದ್ದು ಒಳ್ಳೇದು. ಆದರೆ ಒಂದು ಗೊತ್ತಾಗಲಿಲ್ಲ. ಅಲ್ಲಿ ತಿಂಗಳು ತಿಂಗಳು ರಕ್ತ ಪರೀಕ್ಷೆ ಆಗ್ತಿತ್ತಲ್ಲ, ಲಿವರಿನ ಅಂಕಿ ಎಲ್ಲಾ ಸರಿ ಇದೆ ಅಂತಲೇ ಬರ್ತಿತ್ತು.

— ಅಲ್ಲೇ ಮೋಸ. ಎಎಲ್‌ಟಿ ಅನ್ನೋ ಅಂಕಿ ಡಯಾಲಿಸಿಸ್‌ನವರಲ್ಲಿ ಮೊದಲೇ ಕಮ್ಮಿ ಇರುತ್ತೆ. ಬೇರೆಯವರಿಗೆ 40 ಅಂದರೆ ಸರಿ, ನಿಮಗೆ 20ರಿಂದ 38ಕ್ಕೆ ಏರಿದರೆ ಅದೇ ಸೂಚನೆ. ಛಾಪಿಸಿದ ಕಾಗದದಲ್ಲಿ ಅದು ನಾರ್ಮಲ್ ಅಂತಲೇ ಬರುತ್ತೆ. ಆಂಟಿಬಾಡಿ ಮೂಡೋಕೆ ಎರಡು ಮೂರು ತಿಂಗಳು ಹಿಡಿಯುತ್ತೆ, ನಿಮ್ಮಂಥವರಲ್ಲಿ ಇನ್ನೂ ನಿಧಾನ. ಆ ಸಂದಿಯಲ್ಲಿ ವೈರಸ್ಸು ಇದ್ದೂ ನೆಗೆಟಿವ್.

— ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಫಿಲ್ಟರ್ ತೊಳೆದಿಟ್ಟು ಮತ್ತೆ ನನಗೇ ಹಾಕೋರು. ಮೇಲೆ ನನ್ನ ಹೆಸರು ಬರೆದ ಟೇಪು. ಅದರಿಂದ ಬಂದಿರಬಹುದಾ?

— ರೀಯೂಸ್. ದೇಶದ ತುಂಬಾ ಇತ್ತು, ಈಗಲೂ ಬಹಳ ಕಡೆ ಇದೆ. ಒಬ್ಬರದು ಅವರಿಗೇ ಹಾಕಿದರೆ, ಹೆಸರು ಅದಲು ಬದಲಾಗದಿದ್ದರೆ, ತತ್ತ್ವದ ಪ್ರಕಾರ ತಪ್ಪಿಲ್ಲ. ಫಿಲ್ಟರಿನ ಒಳಗೆ ಎಷ್ಟು ಮಿಲಿ ನೀರು ಹಿಡಿಯುತ್ತೆ ಅಂತ ಮೊದಲೇ ಅಳೆದಿಡಬೇಕು. ಅದು 80 ಪರ್ಸೆಂಟಿಗಿಂತ ಕೆಳಗೆ ಇಳಿದರೆ ಎಸೀಬೇಕು. ತೊಳೆಯೋ ಮದ್ದಿನಲ್ಲೂ ಪೊರೆಯ ಹಣೆಬರಹ ಇದೆ. ಬ್ಲೀಚು ಹಾಕಿದರೆ ಪಾಲಿಸಲ್ಫೋನಿನ ಕಿಂಡಿ ಅಗಲವಾಗಿ ಆಲ್ಬುಮಿನ್ ಸೋರುತ್ತೆ. ಬರೀ ಪೆರಾಸಿಟಿಕ್ ಆಸಿಡ್ ಹಾಕಿದರೆ ಒಳಮೈಗೆ ಪ್ರೋಟೀನಿನ ಪಾಚಿ ಕೂತು ಕಿಂಡಿ ಸಣ್ಣದಾಗುತ್ತೆ. ಲೋಕದ ಶ್ರೇಷ್ಠ ಪೊರೆ ತಂದು ಹತ್ತು ಸಲ ತೊಳೆದರೆ ಅದು ಯಾವ ಪೊರೆಯೂ ಅಲ್ಲ. ನಿಜವಾದ ಅಪಾಯ ತೊಳೆಯೋ ಕೋಣೇಲಿ. ಒಂದೇ ಸಿಂಕು, ಹಲವರ ರಕ್ತ, ಒಬ್ಬ ಹುಡುಗ. ಹೆಪಟೈಟಿಸ್ ಬಿ ಇದ್ದವರ ಫಿಲ್ಟರ್ ಮಾತ್ರ ತೊಳೆದು ಬಳಸಲೇಬಾರದು, ಅದರಲ್ಲಿ ಎರಡು ಮಾತಿಲ್ಲ. ಸಿ ಇದ್ದವರದನ್ನು ಕಟ್ಟುನಿಟ್ಟಾಗಿದ್ದರೆ ಬಳಸಬಹುದು ಅಂತ ಕೆಡಿಗೊ ಅನ್ನೋ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತೆ. ನಮ್ಮಲ್ಲಿ ಆ ಕಟ್ಟುನಿಟ್ಟಿನ ಭರವಸೆ ಯಾರಿಗೂ ಇಲ್ಲದ್ದರಿಂದ ಹೆಚ್ಚಿನ ಕಡೆ ಪಾಸಿಟಿವ್ ಅಂದ ಕೂಡಲೆ ಹೊಸ ಫಿಲ್ಟರ್.

— ಅದೇ ನಗು ಬರೋದು ನಂಗೆ. ಒಳ್ಳೆಯವನಾಗಿದ್ದಾಗ ತೊಳೆದ ಫಿಲ್ಟರ್. ಪಾಸಿಟಿವ್ ಆದಮೇಲೆ ಪ್ರತಿ ಸಲ ಹೊಸದು. ಫೇಲಾದವನಿಗೆ ಮುಂದಿನ ಬೆಂಚು!

— ಇಲ್ಲಿ ಈಗ ಎಲ್ಲರಿಗೂ ಹೊಸದೇ ಸರ್. 2024ರಲ್ಲಿ ಸರ್ಕಾರಿ ಕೇಂದ್ರಗಳಿಗೆ ಒಂದೇ ಬಳಕೆಯ ಫಿಲ್ಟರ್ ಅಂತ ರಾಜ್ಯದವರು ತೀರ್ಮಾನ ಮಾಡಿದರಲ್ಲ. ಪೊರೆಯ ವಿಚಾರದಲ್ಲಿ ನಾನು ಕಂಡ ದೊಡ್ಡ ಸುಧಾರಣೆ ಅದೇ. ಯಾವ ಕಂಪನಿ, ಯಾವ ಪಾಲಿಮರ್ ಅನ್ನೋದೆಲ್ಲ ಆಮೇಲಿನದು.

— ಹಾಗಾದರೆ ನನ್ನನ್ನು ಈ ಮೂಲೆ ಮಷಿನ್ನಿಗೆ ಯಾಕೆ ಹಾಕಿದೀರಿ? ಹಳೇ ಜಾಗದಲ್ಲಿ ಕಿಟಕಿ ಇತ್ತು, ಪಕ್ಕದಲ್ಲಿ ಇಸ್ಪೀಟಿಗೆ ಜನ ಇದ್ದರು. ಈಗ ಗೋಡೆ ನೋಡಬೇಕು. ಅದರ ಮೇಲೆ ಕೆಂಪು ಚೀಟಿ ಬೇರೆ. ನಮ್ಮ ಊರಿನವರೇ ಒಬ್ಬರು ಮೊನ್ನೆ ನಮಸ್ಕಾರ ಹೇಳಿದವರು ಕೈ ಕೊಡಲಿಲ್ಲ.

— ಹೆಪಟೈಟಿಸ್ ಬಿ ಆದರೆ ಬೇರೆ ಕೋಣೆ, ಬೇರೆ ಮಷಿನ್ನು ಬೇಕೇ ಬೇಕು. ಅವರ ಒಂದೊಂದು ಮಿಲಿ ರಕ್ತದಲ್ಲಿ ಹತ್ತು ಕೋಟಿಗಿಂತ ಹೆಚ್ಚು ವೈರಸ್ಸು ಇರಬಹುದು. 1960ರ ದಶಕದ ಕೊನೇಲಿ ಬ್ರಿಟನ್ನಿನ ಡಯಾಲಿಸಿಸ್ ಘಟಕಗಳಲ್ಲಿ ಅದು ಹಬ್ಬಿ, ಎಡಿನ್‌ಬರೋದಲ್ಲಿ ರೋಗಿಗಳ ಜೊತೆ ಸಿಬ್ಬಂದಿಯೂ ಸತ್ತರು. ಬೇರೆ ಇಡೋ ಕ್ರಮ ಬಂದದ್ದು ಅದರ ಪೆಟ್ಟು ತಿಂದಮೇಲೆ.

— ಆಚೆ ಬಾಗಿಲು ಹಾಕಿದ ಕೋಣೇಲಿ ಇರೋರು...

— ಅವರ ವಿಷಯ ನಾನು ಹೇಳೋದಿಲ್ಲ ಸರ್. ನಿಮ್ಮ ವಿಷಯವನ್ನೂ ಅವರಿಗೆ ಹೇಳೋದಿಲ್ಲ.

— ಸರಿ, ಕೇಳಿದ್ದು ತಪ್ಪಾಯ್ತು.

— ಸಿ ವೈರಸ್ಸಿಗೆ ಮಾತ್ರ ಬೇರೆ ಮಷಿನ್ ಬೇಡ ಅಂತ ಅದೇ ಕೆಡಿಗೊ ಹೇಳುತ್ತೆ. ಎಚ್‌ಐವಿಗೂ ಬೇರೆ ಇಡಬೇಕಿಲ್ಲ. ಪೊರೆಯಾಚೆ ವೈರಸ್ಸು ಹೋಗೋದಿಲ್ಲ ಅಂದಮೇಲೆ ಮಷಿನ್ನಿನ ನೀರಿನ ಭಾಗಕ್ಕೆ ಅಂಟೋದಿಲ್ಲ. ಪ್ರತಿ ಪಾಳಿ ಆದಮೇಲೆ ಬಿಸಿನೀರು, ಆಸಿಡ್ಡಿನಲ್ಲಿ ತೊಳೀತೀವಿ. ಮಷಿನ್ ಬೇರೆ ಮಾಡಿದರೆ ನಮಗೂ ಒಂದು ಸುಳ್ಳು ಧೈರ್ಯ ಬರುತ್ತೆ, ಉಳಿದವರೆಲ್ಲ ಶುದ್ಧ ಅಂತ. ಗ್ಲೌಸ್ ಬದಲಾಯಿಸೋ ಕೈ ಅಲ್ಲಿಗೆ ಸಡಿಲ. ಆದರೂ ನಮ್ಮಲ್ಲಿ ಬೇರೆ ಇಡ್ತಾರೆ. ಸಿಬ್ಬಂದಿ ಕಮ್ಮಿ, ಅವಸರ ಜಾಸ್ತಿ. ಕೈಗಳನ್ನು ನಂಬೋಕಾಗದವರು ಗೋಡೆಯನ್ನು ನಂಬ್ತಾರೆ. ನನ್ನ ಕೈಲಿದ್ದಿದ್ದರೆ ನಿಮಗೆ ಕಿಟಕಿ ಜಾಗ ಕೊಡ್ತಿದ್ದೆ.

— ಮನೇಲೇ ಹೊಟ್ಟೆಗೆ ನೀರು ಬಿಟ್ಟು ಮಾಡಿಕೊಳ್ಳೋ ಡಯಾಲಿಸಿಸ್ ಇದೆಯಲ್ಲ?

— ಪೆರಿಟೋನಿಯಲ್. ಅಲ್ಲಿ ನಿಮ್ಮ ಹೊಟ್ಟೆಯ ಪೊರೆಯೇ ಫಿಲ್ಟರು. ವೈರಸ್ಸು ಬೇರೆಯವರಿಗೆ ಹರಡೋ ಭಯ ಬಹಳ ಕಡಿಮೆ. ತೆಗೆದ ನೀರಿನಲ್ಲಿ ಮಾತ್ರ ವೈರಸ್ಸು ಇರಬಹುದು, ಬ್ಲೀಚ್ ಹಾಕಿ ಸುರೀಬೇಕು. ದಿನಕ್ಕೆ ಮೂರು ನಾಲ್ಕು ಸಲ ಎರಡೆರಡು ಲೀಟರ್. ನಿಮ್ಮ ಕೈ ನಡುಕಕ್ಕೆ ಆಗೋದಿಲ್ಲ ಅಂತ ಡಾಕ್ಟರು ಹೇಳಿದ್ರಲ್ಲ.

— ಹೇಳಿದ್ರು. ಸರಿ, ಈಗ ಮಾತ್ರೆ. ಮೂರನೇ ವಾರ ನಡೀತಿದೆ. ದಿನಾ ಒಂದು. ನನ್ನ ಭಯ ಏನಂದರೆ, ಬೆಳಿಗ್ಗೆ ನುಂಗಿ ಮಧ್ಯಾಹ್ನ ಇಲ್ಲಿ ಬಂದು ಮಲಗ್ತೀನಿ. ವೈರಸ್ಸು ದಾಟದ ಕಿಂಡೀಲಿ ಮಾತ್ರೆ ದಾಟಿ ಹೋಗೋದಿಲ್ವಾ? ಅದು ಅಡಿಕೆಗಿಂತ ಚಿಕ್ಕದು.

— ಭಲೇ ಸರ್! ಇದು ಕೇಳಬೇಕಾದ ಪ್ರಶ್ನೆ. ಪೊರೆಯ ವಿಷಯದಲ್ಲಿ ವೈರಸ್ ರೋಗಿಗೆ ನಿಜವಾಗಿ ತಾಗೋದು ಇದು. ನಿಮ್ಮ ಮಾತ್ರೆಯಲ್ಲಿರೋ ಸೋಫೋಸ್ಬುವಿರ್ ಲಿವರಲ್ಲಿ ಕೆಲಸ ಮುಗಿಸಿ ಉಳಿಸೋ ಕಸ ಇದೆ, ಅದು ಕಿಡ್ನಿ ಇಲ್ಲದವರಲ್ಲಿ ಕೂಡುತ್ತೆ. ಡಯಾಲಿಸಿಸ್ ಅದರಲ್ಲಿ ಅರ್ಧದಷ್ಟನ್ನು ತೆಗೆಯುತ್ತೆ. ಹೋಗೋದು ಕಸ, ಮದ್ದಲ್ಲ. ಮೊದಲು ಡಯಾಲಿಸಿಸ್‌ನವರಿಗೆ ಇದನ್ನು ಕೊಡೋಕೆ ಅಂಜುತ್ತಿದ್ದರು. 2019ರಲ್ಲಿ ಅಮೆರಿಕದವರು ಡೋಸು ಬದಲಾಯಿಸದೆ ಕೊಡಬಹುದು ಅಂತ ಔಷಧಿಯ ಚೀಟಿ ತಿದ್ದಿದರು. ಹೆಪಟೈಟಿಸ್ ಬಿ ಮಾತ್ರೆ ಹಾಗಲ್ಲ. ಎಂಟೆಕಾವಿರ್ ಅರ್ಧ ಮಿಲಿಗ್ರಾಮಿಂದು ವಾರಕ್ಕೊಂದೇ, ಅದೂ ಡಯಾಲಿಸಿಸ್ ಮುಗಿದಮೇಲೆ. ಮುಂಚೆ ನುಂಗಿದರೆ ಸ್ವಲ್ಪ ಭಾಗ ಚರಂಡಿಗೆ.

— ಇಂಟರ್‌ಫೆರಾನ್ ಚುಚ್ಚಿಸಿಕೊಂಡವರನ್ನು ನಾನು ನೋಡಿದ್ದೇನೆ, ನಮ್ಮ ಭಾವಮೈದುನ. ಒಂದು ವರ್ಷ ಜ್ವರ, ಕೂದಲು ಉದುರಿ, ರಕ್ತ ಇಳಿದು, ಕಡೆಗೂ ಹೋಗಲಿಲ್ಲ. ನನಗೆ ಹನ್ನೆರಡು ವಾರ, ಎಂಬತ್ನಾಲ್ಕು ಮಾತ್ರೆ, ಪುಕ್ಕಟೆ.

— 2018ರಿಂದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಕೊಡ್ತಿದಾರೆ. ಸಿ ವೈರಸ್ಸು ಯಾವುದು ಅಂತ ಗೊತ್ತಾದದ್ದೇ 1989ರಲ್ಲಿ. ಹೆಸರು ಕಂಡುಹಿಡಿದು ಮೂವತ್ತು ವರ್ಷದೊಳಗೇ ಮಾತ್ರೆಯಲ್ಲಿ ವಾಸಿ. ನಿಮ್ಮ ಅಣ್ಣನ ಮಗ ಪೊರೆಗೆ ಕೊಡೋ ದುಡ್ಡಲ್ಲಿ ನಮಗೊಂದು ಡಜನ್ ಗ್ಲೌಸ್ ಪೆಟ್ಟಿಗೆ ಕೊಡಿಸೋಕೆ ಹೇಳಿ. ಉಳಿದವರಿಗೆ ಬರದೆ ಇರುತ್ತೆ.

— ಮಾತ್ರೆ ಮುಗಿದಮೇಲೆ ಈ ಕೆಂಪು ಚೀಟಿ?

— ಮುಗಿದು ಹನ್ನೆರಡು ವಾರಕ್ಕೆ ಪಿಸಿಆರ್ ಮಾಡ್ತಾರೆ. ವೈರಸ್ಸು ಇಲ್ಲ ಅಂತ ಬಂದರೆ ವಾಸಿ.

— ನಾನು ಕೇಳಿದ್ದು ಚೀಟಿ.

— ಅಲ್ಲೊಂದು ತೊಡಕಿದೆ. ಆಂಟಿಬಾಡಿ ಪರೀಕ್ಷೆ ಜೀವಮಾನವಿಡೀ ಪಾಸಿಟಿವ್ ಅಂತಲೇ ಬರುತ್ತೆ, ವೈರಸ್ಸು ಹೋದಮೇಲೂ. ನೀವು ಮದುವೆಗೋ ಮುಂಜಿಗೋ ಅಂತ ಬೇರೆ ಊರಿಗೆ ಹೋಗಿ ಅಲ್ಲೊಂದು ಡಯಾಲಿಸಿಸ್ ಮಾಡಿಸಬೇಕು ಅಂದರೆ ಅಲ್ಲಿ ಕಡ್ಡಿ ಪರೀಕ್ಷೆ ಮಾಡ್ತಾರೆ, ಎರಡು ಗೆರೆ ಬರುತ್ತೆ, ಮತ್ತೆ ಮೂಲೆ. ಆಗ ಪಿಸಿಆರ್ ಕಾಗದ ತೋರಿಸಬೇಕು. ಮೂರು ಜೆರಾಕ್ಸ್ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಕೊಳ್ಳಿ. ಇಲ್ಲಿ ಚೀಟಿ ನಾನೇ ಕೀಳ್ತೀನಿ. ವಾಸಿಯಾದವರಿಗೆ ಮತ್ತೊಮ್ಮೆ ಅಂಟಬಾರದು ಅಂತಿಲ್ಲ, ಅದಕ್ಕೆ ಪಾಸಿಟಿವ್ ಮಷಿನ್ನಲ್ಲೇ ಮುಂದುವರಿಸೋದು ತಪ್ಪು ಅಂತ ಡಾಕ್ಟರಿಗೂ ಹೇಳಿದೀನಿ.

— ಕಿಟಕಿ ಜಾಗ ಬರೆದಿಟ್ಕೋ ಹಾಗಾದರೆ. ಇಸ್ಪೀಟಿನವರಿಗೂ ಹೇಳಿರು.

— ಬರೆದಿದೀನಿ. ಟೈಮ್ ಆಯ್ತು ಸರ್, ರಕ್ತ ವಾಪಸ್ ಬಿಡ್ತೀನಿ. ಸಲೈನ್ ಹೋಗ್ತಿದೆ, ಫಿಲ್ಟರ್ ನೋಡ್ತಿರಿ, ಕೆಂಪು ಹೋಗಿ ಬಿಳಿ ಆಗುತ್ತೆ.

— ಪೂರ್ತಿ ಆಗ್ಲಿಲ್ವಲ್ಲೋ. ಅಂಚಲ್ಲಿ ಕೆಲವು ಎಳೆ ಕೆಂಪಾಗೇ ಉಳಿದಿವೆ.

— ಅವು ಹೆಪ್ಪುಗಟ್ಟಿ ಕಟ್ಟಿಕೊಂಡವು. ಮುಂದಿನ ಸಲ ಹೆಪಾರಿನ್ ಸ್ವಲ್ಪ ಏರಿಸೋಣವಾ ಅಂತ ಡಾಕ್ಟರನ್ನ ಕೇಳ್ತೀನಿ.

— ಕೆಂಪು ಚೀಲಕ್ಕೆ ಹಾಕೋ ಮುಂಚೆ ಒಂದು ಸಲ ಹತ್ತಿರ ಹಿಡಿ. ಒಂಬತ್ತು... ಹನ್ನೊಂದು... ಹನ್ನೆರಡು. ಹತ್ತು ಸಾವಿರದಲ್ಲಿ ಹನ್ನೆರಡು ಜನ ಗೈರುಹಾಜರು. ನಮ್ಮ ಶಾಲೇಲಿ ಇಷ್ಟು ಹಾಜರಿ ಒಂದು ದಿನವೂ ಇರಲಿಲ್ಲ.